ಬತ್ತುವ ಹೊಳೆಯಲ್ಲಿ ಸಿಂಪಿ ಹೊತ್ತು ನಡೆವ ಪದ್ಮವ್ವ

ಮೂಡಣದಲ್ಲಿ ಬೆಳಕು ಇನ್ನೂ ಮಸುಕು. ಸುರೇಬಾನದಿಂದಾಚೆ, ಮಲಪ್ರಭೆಯ ಪಾತ್ರದಲ್ಲಿ ಪದ್ಮವ್ವ ಸೀರೆ ಮೇಲೆ ಕಟ್ಟಿಕೊಂಡು ರಾಡಿಗೆ ಇಳಿದಿದ್ದಾರೆ. ಬೇಸಿಗೆ ಏರಿದೆ. ಹೊಳೆ ಹರಿಯುವುದನ್ನು ಬಿಟ್ಟು ಅಲ್ಲೊಂದು ಇಲ್ಲೊಂದು ಮಡುವಾಗಿ ಒಡೆದು ಬಿದ್ದಿದೆ. ಹೋದ ವಾರ ತೊಡೆಮಟ್ಟ ನೀರಿದ್ದ ಜಾಗದಲ್ಲಿ ಈಗ ಬರೀ ಕೆಸರು. ಅದನ್ನು ಅವರು ಅಂಗಾಲಿನಿಂದ ಮೆಲ್ಲಗೆ ತಡವುತ್ತ ನಡೆಯುತ್ತಾರೆ. ಗಟ್ಟಿಯಾದದ್ದೇನೋ ತಗುಲಿದರೆ ನಿಲ್ಲುತ್ತಾರೆ.

"ಕಲ್ಲಿನ ಮ್ಯಾಲೆ ಕಾಲಿಟ್ರ ಕಲ್ಲು ಸುಮ್ಮನಿರತೈತ್ರಿ. ಸಿಂಪಿ ಆದ್ರ ಒಂಚೂರು ಒಳಗ ಸರೀತೈತಿ. ಜೀವ ಐತಲ್ಲ, ಅಂಜತೈತಿ."

ಬಗ್ಗಿ, ಕೈ ಹಾಕಿ ಹೊರತೆಗೆಯುತ್ತಾರೆ. ಅಂಗೈಯಗಲದ ಕಪ್ಪು ಚಿಪ್ಪುಗಳೆರಡು ಬಿಗಿಯಾಗಿ ಮುಚ್ಚಿಕೊಂಡಿವೆ. ನಡುವೆ ಮೆತ್ತನೆಯ ಒಂದು ಜೀವ. ಬಿಸಿಲು ಬಲಿತು ಕೆಸರು ಬಿರಿದರೆ ಇದು ಬಾಯಿ ಬಿಟ್ಟು ಸಾಯುತ್ತದೆ. ಪದ್ಮವ್ವ ಅದನ್ನು ಬುಟ್ಟಿಗಿಟ್ಟು ಒದ್ದೆ ಗೋಣಿತಟ್ಟು ಮುಚ್ಚುತ್ತಾರೆ. ಬುಟ್ಟಿ ತುಂಬಿದ ಮೇಲೆ ತಲೆಯ ಮೇಲೆ ಹೊತ್ತು, ಕೆಳಗಿನ ಅರೆಗಲ್ಲಿನ ಬುಡದಲ್ಲಿರುವ, ಯಾವ ಬೇಸಿಗೆಗೂ ಬತ್ತದ ಮಡುವಿಗೆ ಒಯ್ಯುತ್ತಾರೆ. ಅಲ್ಲಿ ಸುರಿದು ಬರುವುದಿಲ್ಲ. ಉಸಿರಾಡುವ ತುದಿ ಮೇಲಿರುವಂತೆ ಒಂದೊಂದನ್ನೇ ಮರಳಿಗೆ ಊರುತ್ತಾರೆ, ಸಸಿ ನೆಟ್ಟ ಹಾಗೆ.

ಇದು ಬೇಸಿಗೆಯುದ್ದಕ್ಕೂ ಅವರ ಬೆಳಗಿನ ಕೆಲಸ. ಸಾಲಿ ನಡೆಯುವ ದಿನಗಳಲ್ಲಿ ಇದನ್ನು ಮುಗಿಸಿಯೇ ಬಿಸಿಯೂಟದ ಅಡುಗೆಮನೆಗೆ ಹೋಗುತ್ತಾರೆ. ಹೊಳೆಯ ಕೆಲಸಕ್ಕೆ ಯಾರೂ ಹೇಳಿಲ್ಲ, ಪಗಾರವೂ ಇಲ್ಲ.

ಅರವತ್ತರ ಅಂಚಿನ ಪದ್ಮವ್ವನಿಗೆ ಸಿಂಪಿಯ ಗುರುತು ಹುಟ್ಟಿನಿಂದ ಬಂದದ್ದು. ಊರ ಬಾವಿಯ ನೀರು ಅವರ ಕೇರಿಗೆ ಸುಲಭವಾಗಿ ಸಿಗದ ಕಾಲ. ಕುಡಿಯಲಿಕ್ಕೂ ಹೊಳೆಯೇ, ಕಾಳು ಮುಗಿದ ದಿನ ಉಣ್ಣಲಿಕ್ಕೂ ಹೊಳೆಯೇ. ತಾಯಿ ಶೆಟ್ಟೆವ್ವ ಸಿಂಪಿ ಆರಿಸಿ ತಂದು ಖಾರ ಹಾಕಿ ಬೇಯಿಸುತ್ತಿದ್ದರು. "ದೊಡ್ಡಾವಷ್ಟ ತರತಿದ್ಲು. ಸಣ್ಣಾವ್ನ ಅಲ್ಲೇ ಬಿಟ್ಟು ಬರತಿದ್ಲು. ನನಗ ಹಾಲು ಕುಡಿಸಿದ್ದೂ ಸಿಂಪೀಲೇನ, ಚಮಚ ಎಲ್ಲಿದ್ವು ಆವಾಗ?"

ಅದೇ ಹೊಳೆ ಮಹಾಪೂರದ ವರ್ಷ ಮನೆಯನ್ನೂ ಒಯ್ದಿತು. ಗಂಡ ಹನುಮಪ್ಪ ಗೌಂಡಿ ಕೆಲಸದವರು. ಊರಿಗೆಲ್ಲ ಮನೆ ಕಟ್ಟಿಕೊಟ್ಟವರು ಎರಡು ಮಳೆಗಾಲ ತಗಡಿನ ಶೆಡ್ಡಿನಲ್ಲಿ ಕಳೆದರು. ಹೊಳೆಯ ಕಡೆ ಮುಖ ಹಾಕುವುದಿಲ್ಲವೆಂದು ಹನುಮಪ್ಪ ಹಟ ಹಿಡಿದಿದ್ದ ದಿನಗಳಲ್ಲೇ ರಾಮದುರ್ಗದ ಕಾಲೇಜಿನಿಂದ ಅನ್ನಪೂರ್ಣಾ ಎಂಬ ಪ್ರಾಣಿಶಾಸ್ತ್ರದ ಅಧ್ಯಾಪಕಿ ಬಂದರು. ಮಹಾಪೂರ ಎಲ್ಲವನ್ನೂ ಕೊಚ್ಚಿಕೊಂಡು ಹೋದ ಹೊಳೆಗೆ ಸಣ್ಣ ಜೀವಗಳು ಯಾವಾಗ, ಹೇಗೆ ಮರಳುತ್ತವೆ ಎಂದು ನೋಡುವುದು ಅವರ ಅಧ್ಯಯನ. ನೀರಿಗಿಳಿಯಲು ಅಂಜದ ಒಬ್ಬ ಹೆಣ್ಣಾಳು ಬೇಕಿತ್ತು. ಪದ್ಮವ್ವ ಬಲೆ ಹಿಡಿದು ಹೊರಟರು.

ಮೊದಮೊದಲು ಬಲೆಗೆ ಬಿದ್ದದ್ದು ರಾಡಿ ಮಾತ್ರ. ಎಷ್ಟೋ ದಿನಗಳ ಮೇಲೆ ಒಂದು ಕಲ್ಲು ಮಗುಚಿದಾಗ ಮೂರು ಬಾಲದ ಸಣ್ಣ ಹುಳವೊಂದು ಓಡಿತು. ಅನ್ನಪೂರ್ಣಾ ನೀರಿನಲ್ಲೇ ಕುಳಿತುಬಿಟ್ಟರಂತೆ. "ಹೊಳಿ ತಿರುಗಿ ಉಸಿರಾಡ್ಲಿಕ್ಕೆ ಹತ್ತೇದ, ಪದ್ಮವ್ವ" ಎಂದರಂತೆ. ಆಮೇಲೆ ಬಸವನಹುಳು ಬಂದವು, ನೀರಿನ ಮೇಲೆ ಓಡಾಡುವವು ಬಂದವು. ಒಂದು ದಿನ ಪದ್ಮವ್ವ ಬಾಟಲಿಯಲ್ಲಿ ಒಂದು ಹುಳವನ್ನು ಮನೆಗೆ ತಂದು ಗಂಡನಿಗೆ ತೋರಿಸಿದರು. ಮರಳಿನ ಕಣ ಕಣವನ್ನೂ ಅಂಟಿಸಿ, ತನ್ನ ಸುತ್ತ ಕೊಳವೆಯಂಥ ಗೂಡು ಕಟ್ಟಿಕೊಂಡ ಹುಳ. ಹನುಮಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು.

"ಸಂದು ಒಂದೂ ಕಾಣವಲ್ದು. ನನಕಿಂತ ಛಲೋ ಗೌಂಡಿ ಐತಿದು" ಎಂದವರು, ಅದನ್ನು ತಾವೇ ಒಯ್ದು ಹೊಳೆಗೆ ಬಿಟ್ಟು ಬಂದರು. ಪೂರದ ನಂತರ ಅವರು ದಂಡೆಗೆ ಹೋದದ್ದು ಅದೇ ಮೊದಲು.

ಅಧ್ಯಯನ ಮುಗಿಯಿತು. ಅನ್ನಪೂರ್ಣಾ ಅವರಿಗೆ ಕಿತ್ತೂರಿಗೆ ವರ್ಗವಾಯಿತು. ಹೋಗುವಾಗ ತಮ್ಮ ಭೂತಗನ್ನಡಿಯನ್ನು ಪದ್ಮವ್ವನ ಕೈಯಲ್ಲಿಟ್ಟು ಹೋದರು. ಕೂಲಿ ನಿಂತರೂ ಪದ್ಮವ್ವನಿಗೆ ಹೊಳೆ ಬಿಡಲಾಗಲಿಲ್ಲ. ಕೆಸರಿನಲ್ಲಿ ಸಾಯುವ ಸಿಂಪಿಗಳನ್ನು ಮಡುವಿಗೆ ಸಾಗಿಸತೊಡಗಿದರು. ಎರಡು ಬೇಸಿಗೆ ಸಾಗಿಸಿದ ಮೇಲೆ ಒಂದು ಸಂಗತಿ ಅವರನ್ನು ಕೊರೆಯತೊಡಗಿತು. ಕೈಗೆ ಸಿಕ್ಕುವುದೆಲ್ಲ ಹಳೆಯ, ದೊಡ್ಡ ಸಿಂಪಿ. ಒಂದಾದರೂ ಮರಿ ಇಲ್ಲ.

ಬಿಸಿಯೂಟದ ಒಲೆಯ ಮುಂದೆ ನಿಂತೇ ಅನ್ನಪೂರ್ಣಾಗೆ ಫೋನು ಹಚ್ಚಿದರು. "ಎಲ್ಲಾ ಮುದುಕರ ಸಿಗಾಕತ್ತಾವ್ರಿ ಅಕ್ಕಾರ. ಮಕ್ಕಳೆಲ್ಲಿ ಹೋದ್ವು?"

ಅತ್ತಲಿಂದ ಬಂದ ಉತ್ತರ ಅವರಿಗೆ ಹೊಸದು. "ಸಿಂಪಿ ತನ್ನ ಮರೀನ ನೀರಿಗೆ ಬಿಡ್ತದ. ಅವು ಯಾವುದಾರ ಒಂದು ಮೀನಿನ ಕಿವಿರಿಗೆ ಹಿಡಕೊಂಡು ಕೆಲವು ವಾರ ಇರಬೇಕು. ಆಮ್ಯಾಲೆ ಕೆಳಗ ಉದುರಿ ತಮ್ಮಷ್ಟಕ್ಕ ತಾವು ಬೆಳೀತಾವ. ಮಡುವಿನೊಳಗ ಮೀನ ಇಲ್ಲಂದ್ರ ಮರಿ ಉಳಿಯೂದಿಲ್ಲ, ಪದ್ಮವ್ವ." ಆ ಮಾತು ಕೇಳುತ್ತ ನಿಂತ ದಿನ ಸಾಲಿಯ ಬೇಳೆ ತಳ ಹಿಡಿಯಿತು.

ಮಡುವಿನಲ್ಲಿ ಮೀನು ಯಾಕಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನೀರು ಕುಗ್ಗಿ ಮೀನೆಲ್ಲ ಅಲ್ಲಿ ಕೂಡಿದಾಗ ಊರಿನ ಮೀನುಗಾರ ಲಗಮಪ್ಪ ಬಲೆ ಬೀಸುತ್ತಾರೆ. ಬೇಸಿಗೆಯ ಕೊನೆಯ ದಿನಗಳಲ್ಲಿ ಅವರ ಮನೆ ನಡೆಯುವುದೇ ಆ ಮಡುವಿನಿಂದ. ಪದ್ಮವ್ವ ಹೋಗಿ ಕೇಳಿದರು. ಲಗಮಪ್ಪ ಬಲೆ ಹೆಣೆಯುತ್ತಲೇ ಅಂದರು, "ನಿನ್ನ ಸಿಂಪಿ ಉಳಿಸಾಕ ನನ್ನ ಹೊಟ್ಟಿ ಮ್ಯಾಲೆ ಕಾಲಿಡ್ತಿಯೇನ, ಯಕ್ಕಾ?"

ಪದ್ಮವ್ವ ಬಂದ ದಾರಿಯಲ್ಲೇ ಮರಳಿದರು. "ಅಂವ ಅಂದದ್ದೂ ಖರೇನ ಇತ್ತಲ್ರಿ. ಹೊಟ್ಟಿ ಯಾರಿಗಿಲ್ಲ?"

ಮರುದಿನ ನಸುಕಿನಲ್ಲಿ ಮತ್ತೆ ಹೋದರು, ಭೂತಗನ್ನಡಿಯ ಜೊತೆ. ಲಗಮಪ್ಪನ ಬುಟ್ಟಿಯಲ್ಲಿದ್ದ ಮೀನುಗಳ ಕಿವಿರನ್ನು ಒಂದೊಂದಾಗಿ ಎತ್ತಿ ನೋಡಿದರು. ಒಂದರಲ್ಲಿ, ಕೆಂಪು ಎಳೆಗಳ ಮೇಲೆ, ಬಿಳಿ ಚುಕ್ಕಿಗಳು ಕಂಡವು. ಆ ಮೀನನ್ನೂ ಕನ್ನಡಿಯನ್ನೂ ಲಗಮಪ್ಪನ ಕೈಗೆ ಕೊಟ್ಟರು.

"ಇದು ರೋಗ. ಇಂಥಾವ್ನ ನಾ ಒಗೀತೇನಿ" ಎಂದರು ಲಗಮಪ್ಪ.

"ರೋಗಲ್ಲೋ ತಮ್ಮಾ. ಕೂಸು."

ಲಗಮಪ್ಪ ಕನ್ನಡಿಯನ್ನು ಕಣ್ಣಿಗೆ ಹತ್ತಿರ ತಂದರು, ದೂರ ಒಯ್ದರು, ಮತ್ತೆ ಹತ್ತಿರ ತಂದರು. ಆ ದಿನದಿಂದ ಅವರ ಬಲೆ ಬೇರೆ ಮಡುಗಳಲ್ಲಿ ಬಿತ್ತು. ಅರೆಗಲ್ಲಿನ ಮಡುವಿಗೆ ಬಲೆ ಹೊತ್ತು ಬಂದ ಪರವೂರ ಹುಡುಗರನ್ನೂ ಅವರೇ ತಡೆದರು. ಸಿಗುತ್ತಿದ್ದ ಮೀನು ಕಡಿಮೆಯಾಯಿತು. ಮುಂಗಾರು ಬರುವವರೆಗೆ ಪದ್ಮವ್ವ ದಿನಾ ಬೆಳಿಗ್ಗೆ ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಅವರ ಮನೆಗೆ ಕೊಟ್ಟು ಬಂದರು.

ಮಳೆ ಬಂತು, ಹೊಳೆ ಕೂಡಿತು, ಮತ್ತೆ ಇಳಿಯಿತು. ಮರಿ ಕಾಣಲಿಲ್ಲ. ಮತ್ತೊಂದು ವರ್ಷವೂ ಕಾಣಲಿಲ್ಲ. ಈ ಬೇಸಿಗೆಯಲ್ಲಿ, ಒಂದು ಸಿಂಪಿಯನ್ನು ಊರಲು ಮರಳು ಸರಿಸಿದಾಗ ಪದ್ಮವ್ವನ ಬೆರಳಿಗೆ ತೆಳ್ಳನೆಯದೇನೋ ತಾಗಿತು. ಹೆಬ್ಬೆರಳಿನ ಉಗುರಿನಷ್ಟು, ಹಸಿರು ಛಾಯೆಯ ಚಿಪ್ಪು. ಬೆಳೆದರೂ ಅಷ್ಟೇ ಇರುವ ಬೇರೆ ಜಾತಿಯೂ ಹೊಳೆಯಲ್ಲಿದೆ. ಹಾಗಾಗಿ ಅವರು ಹಿಗ್ಗಲಿಲ್ಲ. ಅದನ್ನು ಇದ್ದಲ್ಲೇ ಇರಿಸಿ, ಪಕ್ಕದಲ್ಲಿ ಜಾಲಿಯ ಕಡ್ಡಿ ನೆಟ್ಟು, ಕಿತ್ತೂರಿಗೆ ಫೋನು ಮಾಡಿದರು.

ಅನ್ನಪೂರ್ಣಾ ರವಿವಾರದ ಮೊದಲ ಬಸ್ಸು ಹಿಡಿದು ಬಂದರು. ಲಗಮಪ್ಪನೂ ಬಂದು ನಿಂತರು. ಅಧ್ಯಾಪಕಿ ಆ ಕಿರುಜೀವವನ್ನು ಅಂಗೈಯ ನೀರಿನಲ್ಲಿಟ್ಟುಕೊಂಡು ಕನ್ನಡಿ ಹಿಡಿದರು. ಚಿಪ್ಪಿನ ಅಂಚು, ಬೆನ್ನಿನ ಗೆರೆ ನೋಡಿದರು. ಆಮೇಲೆ ಪದ್ಮವ್ವನ ಮುಖ ನೋಡಿ, "ಹೌದು. ದೊಡ್ಡ ಸಿಂಪೀದ ಮರಿ" ಎಂದರು. ಪದ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನನ್ನ ಮೀನಿನ ಮ್ಯಾಲೆ ಕುಂತು ಬಂದದ್ದೇನ್ರಿ ಇದು?" ಲಗಮಪ್ಪ ಕೇಳಿದರು.

"ಈ ಮಡುವಿನಾಗ ಮತ್ತ ಯಾರ ಮ್ಯಾಲೆ ಕುಂತು ಬರಬೇಕು?" ಎಂದರು ಅನ್ನಪೂರ್ಣಾ.

"ಟಿಕೀಟ ಕೊಟ್ಟಿಲ್ಲ ನೋಡ್ರಿ" ಎಂದರು ಲಗಮಪ್ಪ. ಮೂವರೂ ನಕ್ಕರು.

ಆಮೇಲೆ ಇನ್ನೂ ಎರಡು ಮರಿ ಸಿಕ್ಕಿವೆ. ಒಂದು ಹೊಳೆಗೆ ಇದು ಏನೂ ಅಲ್ಲ ಎಂಬುದು ಪದ್ಮವ್ವನಿಗೂ ಗೊತ್ತು. ನಿಮಗೇನು ಬೇಕು ಎಂದು ಕೇಳಿದರೆ ಬುಟ್ಟಿಯ ಗೋಣಿತಟ್ಟು ಸರಿಪಡಿಸುತ್ತ ಹೇಳುತ್ತಾರೆ.

"ಆ ಸಣ್ಣದು ದೊಡ್ಡದಾಗಿ, ತಾನೂ ಮರಿ ಬಿಡಾಕ ಇನ್ನೂ ಒಂದಿಷ್ಟು ವರ್ಷ ಬೇಕಂತ್ರಿ. ಅಲ್ಲೀಮಟ ನನ್ನ ಮೊಣಕಾಲು ಬಗ್ಗಿದ್ರ ಸಾಕು."