ಕಂಪೌಂಡರ್ ಕಾಕಾ ಮುರಿಯದ ಗುಳಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಂತಿರಲಿಲ್ಲ. ದಪ್ಪ, ಹಳದಿ, ಬೆರಳಿಗಿಂತ ಸ್ವಲ್ಪ ಮುಂದೆ ಬೆಳೆದದ್ದು. ಗುಳಿಗೆಯನ್ನು ಎಡ ಅಂಗೈಯಲ್ಲಿಟ್ಟು ನಡುಗೆರೆಯ ಮೇಲೆ ಆ ಉಗುರನ್ನು ಊರಿದರೆ ಟಪ್ ಎಂದು ಸರಿಯಾಗಿ ಎರಡು ಹೋಳು. ಚೂರು ಪುಡಿಯೂ ಉದುರುತ್ತಿರಲಿಲ್ಲ. ಬಿಪಿಯ ಗುಳಿಗೆಯೋ ಸಕ್ಕರೆಯ ಗುಳಿಗೆಯೋ, ಡಾಕ್ಟರು ಅರ್ಧ ಬರೆದುಕೊಟ್ಟರೆ ನಮ್ಮ ಗಲ್ಲಿಯವರು ನೇರ ಅವರ ಕಟ್ಟೆಗೆ ಬರುತ್ತಿದ್ದರು.

ಹೈದರಾಬಾದ್ ಆಂಧ್ರದ ರಾಜಧಾನಿಯಾಗಿದ್ದ ಕಾಲ. ಮಲ್ಕಾಜ್‌ಗಿರಿಯಲ್ಲಿ ಸ್ಟೇಷನ್ನಿಗೆ ಹತ್ತಿರ ನಮ್ಮ ಬಾಡಿಗೆ ಮನೆ. ನನ್ನ ಗಂಡ ರೈಲ್ವೆಯಲ್ಲಿ ಗುಮಾಸ್ತರು. ಪಕ್ಕದ ಮನೆಯ ಆ ಉಗುರಿನವರು ರೈಲ್ವೆ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು, ಬೀದರ ಕಡೆಯವರು. ಸೊಪ್ಪಿನವಳ ಜೊತೆ ತೆಲುಗು, ಹಾಲಿನವನ ಜೊತೆ ಹಿಂದಿ, ನಮ್ಮ ಜೊತೆ ಕನ್ನಡ. ಆದರೆ ಬೈಯುವುದು ಯಾರನ್ನೇ ಆದರೂ ಕನ್ನಡದಲ್ಲೇ. ನಾವೆಲ್ಲ ಅವರನ್ನು ಕಂಪೌಂಡರ್ ಕಾಕಾ ಎನ್ನುತ್ತಿದ್ದೆವು.

ಔಷಧಿಯ ವಿಷಯದಲ್ಲಿ ಅವರದೊಂದು ಮಾತಿತ್ತು: “ಗುಳಿಗಿ ಅಂದ್ರ ಬೀಗರಿದ್ದಂಗ ನೋಡ್ರಿ. ಬರುವಾಗೂ ಮರ್ಯಾದಿ ಬೇಕು, ಕಳಸುವಾಗೂ ಮರ್ಯಾದಿ ಬೇಕು.” ಜ್ವರ ಇಳಿಯಿತೆಂದು ಎರಡೇ ದಿನಕ್ಕೆ ಗುಳಿಗೆ ಬಿಟ್ಟವರಿಗೆ ಇದನ್ನು ಹೇಳಿ, ಮೇಲೆ ನಾಲ್ಕು ಬೈಗುಳ ಸೇರಿಸುತ್ತಿದ್ದರು. ನಾನು ನಗುತ್ತಿದ್ದೆ. ಬೀಗರ ಮಾತು ನನಗೇ ಬಂದು ಬಡಿಯುತ್ತದೆಂದು ಆಗ ಗೊತ್ತಿರಲಿಲ್ಲ.

ಮದುವೆಯಾದ ಎರಡನೇ ವರ್ಷ ನನ್ನ ಮನಸ್ಸು ಕುಸಿದಿತ್ತು. ಕಾರಣ ಕೇಳಬೇಡಿ, ನನಗೂ ಗೊತ್ತಿಲ್ಲ. ಊಟ ಸೇರದು, ನಿದ್ದೆ ಬಾರದು, ಬೆಳಗಾದರೆ ಭಯ. ಸಿಕಂದರಾಬಾದಿನ ಒಬ್ಬ ಡಾಕ್ಟರಮ್ಮ ದಿನಕ್ಕೊಂದು ಗುಳಿಗೆ ಕೊಟ್ಟರು. ಎರಡು ತಿಂಗಳಲ್ಲಿ ನಾನು ಮತ್ತೆ ನಾನಾದೆ. ಹಾಡುತ್ತ ರೊಟ್ಟಿ ಬಡಿಯುವಷ್ಟು ಸರಿಯಾದೆ. ಮರುವರ್ಷ ಬಸುರಾದೆ.

ಬಸುರಿ ಏನೇನು ಮಾಡಬಾರದು ಎಂಬ ಪಟ್ಟಿ ನಮ್ಮ ಗಲ್ಲಿಯಲ್ಲಿ ಮೂರು ಭಾಷೆಯಲ್ಲಿತ್ತು. ಪರಂಗಿ ಹಣ್ಣು ತಿನ್ನಬಾರದು, ಗ್ರಹಣ ನೋಡಬಾರದು, ಗುಳಿಗೆ ನುಂಗಬಾರದು. “ತಲಿ ಗುಳಿಗಿ ಕೂಸಿನ ತಲಿಗೇ ಹೋಗ್ತೈತಿ, ಇವತ್ತಿಂದ ಬಿಡು” ಎಂದರು ಅತ್ತೆಯವರು. ಅವರನ್ನು ದೂರುವಂತಿಲ್ಲ. ಡಾಕ್ಟರಮ್ಮನನ್ನು ಕೇಳದೆ ಅವತ್ತೇ ಬಿಟ್ಟವಳು ನಾನು. ಕೂಸಿಗಾಗಿ ಮೊದಲ ತ್ಯಾಗ ಮಾಡಿದೆನೆಂದು ಒಳಗೊಳಗೆ ಹೆಮ್ಮೆ ಬೇರೆ!

ಹತ್ತು ದಿನಕ್ಕೆ ತಲೆ ಸುತ್ತು, ಕಾರಣವಿಲ್ಲದ ಅಳು, ಮತ್ತೆ ಅದೇ ಬೆಳಗಿನ ಭಯ. ಪೂರ್ತಿ ಬಿಡುವುದಕ್ಕಿಂತ ಅರ್ಧ ನುಂಗಿದರೆ ಕೂಸಿಗೂ ನ್ಯಾಯ, ನನಗೂ ನ್ಯಾಯ ಎಂದು ಲೆಕ್ಕ ಹಾಕಿ ಕಾಕಾನ ಕಟ್ಟೆಗೆ ಹೋದೆ.

“ಕಾಕಾ, ಇವನ್ನ ಅರ್ಧ ಮಾಡಿ ಕೊಡ್ರಿ.”

ಅವರು ಕನ್ನಡಕ ಏರಿಸಿ ಗುಳಿಗೆ ನೋಡಿದರು, ನನ್ನನ್ನು ನೋಡಿದರು. “ಡಾಕ್ಟರ್ ಅರ್ಧ ಬರದಾರೇನು?”

“ಇಲ್ರಿ. ಬಸುರಿ ಇದ್ದೀನಲ್ಲ, ಅದಕ್ಕ.”

“ಡಾಕ್ಟರಿಗೆ ಗೊತ್ತೈತೇನು ನೀ ಬಸುರಿ ಅಂತ?”

“ಇಲ್ರಿ” ಎಂದೆ. ಕಾಕಾ ಗುಳಿಗೆಗಳನ್ನು ನನ್ನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿಸಿದರು. “ಇದನ್ನ ನಾ ಮುರಿಯೂದಿಲ್ಲವಾ. ನಾಳೆ ಡಾಕ್ಟರ್ ಹತ್ರ ಹೋಗು.” ಊರವರಿಗೆಲ್ಲ ಮುರಿದುಕೊಡುವ ಮುದುಕನಿಗೆ ನನ್ನದೊಂದೇ ಭಾರವಾಯಿತೇ ಎಂದು ಸಿಟ್ಟಿನಿಂದ ಮನೆಗೆ ಬಂದೆ. ಡಾಕ್ಟರ್ ಹತ್ತಿರ ಹೋಗಲಿಲ್ಲ.

ಮುಂದಿನ ಎರಡು ವಾರವನ್ನು ಪೂರ್ತಿ ಬರೆಯಲಾರೆ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ತಲೆ ಬಾಚಲಿಲ್ಲ. ಬಸುರಿನ ಸುಸ್ತು ಎಂದರು ಎಲ್ಲರೂ. ಈ ಕೂಸಿಗೆ ನನ್ನಂಥ ತಾಯಿ ಇಲ್ಲದಿದ್ದರೇ ಒಳ್ಳೆಯದು ಎಂಬ ಯೋಚನೆ ಒಂದು ದಿನ ಬಂತು, ಬಂದದ್ದು ಹೋಗಲಿಲ್ಲ. ಅದನ್ನು ಗಂಡನಿಗೂ ಹೇಳಲಿಲ್ಲ.

ಕಟ್ಟೆಯ ಮೇಲೆ ಕೂತ ಕಾಕಾ ನಾನು ಹೊರಗೆ ಬಾರದ್ದನ್ನು ಎಣಿಸಿದ್ದರೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಮನೆಗೆ ಬಂದರು. ಎಂದೂ ಬಾಗಿಲು ದಾಟದವರು ಒಳಗೆ ಬಂದು ನೆಲದ ಮೇಲೆ ಕೂತರು.

“ವೈನಿ, ಸೊಸಿ ಗುಳಿಗಿ ಬಿಟ್ಟಾಳಲ್ಲ?” ಎಂದು ಅತ್ತೆಯವರನ್ನು ಕೇಳಿದರು.

“ಬಿಡಬೇಕಲ್ರಿ ಮತ್ತ? ಹೊಟ್ಟ್ಯಾಗ ಕೂಸೈತಿ.”

“ನಾನೂ ಹಿಂಗ ಅಂದಿದ್ದೆರಿ.” ಕಾಕಾ ಕನ್ನಡಕ ತೆಗೆದು ನೆಲದ ಮೇಲಿಟ್ಟರು. “ದವಾಖಾನಿ ಖಿಡಕಿ ಮುಂದ ಒಬ್ಬಾಕಿ ಬಂದು ನಿಂತಿದ್ಲು. ಗ್ಯಾಂಗ್‌ಮನ್ ಹೆಂಡತಿ. ಇಂಥಾವೇ ಗುಳಿಗಿ ತಗೋತಿದ್ಲು. ಬಸುರಿ ಆಗೀನಿ, ತಗೋಬೇಕೋ ಬ್ಯಾಡೋ ಅಂತ ಕೇಳಿದ್ಲು. ಡಾಕ್ಟರ್ ರಜಾದಾಗಿದ್ರು. ಕೇಳಿ ಹೇಳ್ತೀನವಾ ಅನ್ನಬೇಕಿತ್ತು ನಾ. ಅಷ್ಟು ಮಾತು ಬಾಯಾಗ ಬರಲಿಲ್ಲ. ದೊಡ್ಡ ಶಾಣ್ಯಾನಂಗ, ಎಲ್ಲಾ ಬಿಟ್ಟುಬಿಡು ಅಂದೆ. ನನ್ನ ಮಾತು ನಂಬಿದ್ಲು. ಐದನೇ ತಿಂಗಳಾಗ ತನ್ನ ಜೀವ ತಾನs ಕಳಕೊಂಡ್ಲುರಿ. ಹೊಟ್ಟ್ಯಾಗಿನ ಕೂಸೂ ಹೋತು.”

ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಾಕಾ ಅಳುತ್ತಿದ್ದರು. ಎಪ್ಪತ್ತರ ಗಂಡಸು ಹೆಂಗಸರ ಎದುರು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. “ತಗೋ ಅಂತ ಹೇಳಾಕ ನಾ ಡಾಕ್ಟರ್ ಅಲ್ಲ. ಬಿಡು ಅಂತ ಹೇಳಾಕ ನೀವೂ ಡಾಕ್ಟರ್ ಅಲ್ಲ. ನಾಳೆ ಕರಕೊಂಡು ಹೋಗೂಣ ವೈನಿ” ಎಂದರು. ಅವರು ಮುಗಿಸುವಷ್ಟರಲ್ಲಿ ನಾನಿಲ್ಲದಿದ್ದರೇ ಒಳ್ಳೆಯದೆಂಬ ಆ ಯೋಚನೆಯೂ ನನ್ನ ಬಾಯಿಂದ ಹೊರಬಿತ್ತು. “ನಾಳೆ ಯಾಕ್ರಿ, ಈಗs ಹೋಗೂಣ” ಎಂದು ಅತ್ತೆಯವರು ನನ್ನ ಚಪ್ಪಲಿ ಹುಡುಕತೊಡಗಿದರು.

ಡಾಕ್ಟರಮ್ಮ ಬೈಯಲಿಲ್ಲ. ಏನೂ ಅಪಾಯವಿಲ್ಲ ಎಂದು ಸುಳ್ಳೂ ಹೇಳಲಿಲ್ಲ. ಬಸುರಿನಲ್ಲಿ ಯಾವ ಔಷಧಿಯನ್ನೂ ಪೂರ್ತಿ ನಿರಪಾಯ ಎನ್ನಲಾಗದು, ಆದರೆ ನಿನ್ನ ಈಗಿನ ಸ್ಥಿತಿಯೇ ನಿನಗೂ ಕೂಸಿಗೂ ದೊಡ್ಡ ಅಪಾಯ ಎಂದರು. ಎಲ್ಲ ಗುಳಿಗೆಗಳೂ ಒಂದೇ ಅಲ್ಲ, ಬಸುರಿನಲ್ಲಿ ಬೇಡವೆನ್ನುವಂಥವೂ ಇವೆ, ನಿನ್ನದು ಮುಂದುವರಿಸಬಹುದಾದದ್ದು ಎಂದು ಬಿಡಿಸಿ ಹೇಳಿದರು. ಹೆರಿಗೆ ಡಾಕ್ಟರಿಗೆ ತಾವೇ ಪತ್ರ ಬರೆದರು. ಸರಿಹೋಗುವವರೆಗೆ ಒಬ್ಬಳೇ ಇರಕೂಡದೆಂದು ಅತ್ತೆಯವರಿಗೆ ಕಟ್ಟಪ್ಪಣೆ. ಮೊದಲ ವಾರ ಅರ್ಧ, ಆಮೇಲೆ ಮೊದಲಿನಂತೆ ಒಂದು.

ಚೀಟಿಯಲ್ಲಿ ‘ಅರ್ಧ’ ಎಂದಿರುವುದನ್ನು ಎರಡು ಸಲ ಓದಿದ ಮೇಲೆಯೇ ಕಾಕಾನ ಉಗುರು ಕೆಲಸಕ್ಕಿಳಿದದ್ದು.

ಅಂದಿನಿಂದ ಊಟದ ತಟ್ಟೆಯ ಪಕ್ಕ ಗುಳಿಗೆ, ನೀರು ತಂದಿಡುವವರು ಅತ್ತೆಯವರೇ. ಒಂದು ತಿಂಗಳಿಗೆ ಬೆಳಗಿನ ಭಯ ತಗ್ಗಿತು. ಕೂಸು ಒದ್ದದ್ದು ತಿಳಿದು ನಕ್ಕೆ. ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅವ್ವ ಯಾದಗಿರಿಯಿಂದ ಕರೆಯಲು ಬಂದಾಗ ಕಾಕಾ ಅಡ್ಡ ಬಂದರು: “ಬಾಣಂತನಕ್ಕ ತವರು ಬೇಕು, ಖರೇ. ಆದ್ರ ಈಕಿನ್ನ ಬಲ್ಲ ಡಾಕ್ಟರ್ ಇಬ್ರೂ ಇಲ್ಲೇ ಅದಾರ. ತವರನ್ನs ಇಲ್ಲಿಗೆ ತರ್ರಿ.” ಅವ್ವ ಗೊಣಗಿದಳು. ಆಮೇಲೆ ಬಾಣಂತನ ಮುಗಿಯುವವರೆಗೆ ಮಲ್ಕಾಜ್‌ಗಿರಿಯಲ್ಲೇ ಉಳಿದಳು.

ಮಗಳು ಹುಟ್ಟಿದ ಮೊದಲ ಮೂರು ದಿನ ಕೈಕಾಲು ನಡುಗಿಸುತ್ತಿದ್ದಳು, ಎತ್ತಿದರೂ ಅಳು ನಿಲ್ಲಿಸುತ್ತಿರಲಿಲ್ಲ. ಗುಳಿಗೆ ನುಂಗಿದ ತಾಯಂದಿರ ಕೆಲವು ಕೂಸುಗಳಿಗೆ ಹೀಗಾಗುತ್ತದೆ, ತಾನೇ ಇಳಿಯುತ್ತದೆ, ಆದರೂ ಕಣ್ಣಿಟ್ಟು ನೋಡಬೇಕು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೇಳಿದ್ದರೇನು, ತಪ್ಪು ಮಾಡಿದೆನೇ ಎಂದು ನಿಮಿಷಕ್ಕೊಮ್ಮೆ ತೊಟ್ಟಿಲಿಗೆ ಬಗ್ಗಿ ನೋಡುತ್ತಿದ್ದೆ. ಅತ್ತೆಯವರು ಒಮ್ಮೆಯೂ ‘ನಾ ಹೇಳಿರಲಿಲ್ಲೇನು’ ಎನ್ನಲಿಲ್ಲ. ಕಾಕಾ ವಾರ್ಡಿನ ಹೊರಗಿನ ಬೆಂಚು ಬಿಟ್ಟೇಳಲಿಲ್ಲ. ನಾಲ್ಕನೇ ದಿನ ನಡುಕ ನಿಂತು, ಕೂಸು ಹಾಲು ಕುಡಿದು ಮಲಗಿತು. ಕಾಕಾ ಅದರ ಬೆರಳು ಮುಟ್ಟಿ, “ಭಾಳ ಹೆದರಿಸಿದಿ ನಮ್ಮನ್ನ” ಎಂದು ಅದಕ್ಕೂ ಎರಡು ಬೈಗುಳ ಕೊಟ್ಟರು.

ಮಗಳಿಗೆ ಒಂಬತ್ತು ತುಂಬಿದ ವರ್ಷ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ದನಿ ಕ್ಷೀಣವಾಗಿತ್ತು. “ಗುಳಿಗಿ?” ಎಂದರು. ನಿಂತು ಮೂರು ವರ್ಷವಾಯಿತೆಂದೆ. ಕಣ್ಣು ದೊಡ್ಡವಾದವು. “ಡಾಕ್ಟರ್ ಬಿಡಿಸಿದ್ರೋ, ನೀನs ಬಿಟ್ಟಿಯೋ?”

“ಡಾಕ್ಟರಮ್ಮನs ಸಾವಕಾಶ ಬಿಡಿಸಿದ್ರು ಕಾಕಾ.”

“ಹಂಗಾರ ಅಡ್ಡಿಯಿಲ್ಲ” ಎಂದು ಕಣ್ಣು ಮುಚ್ಚಿದರು. ಅವರಿಗೆ ಕೃತಜ್ಞತೆ ಹೇಳಬೇಕೆಂದು ಹೋದವಳು ಅವರ ಕಾಲು ಒತ್ತುತ್ತ ಕೂತು, ಹೇಳದೆಯೇ ಬಂದೆ. ಮುಂದಿನ ವಾರ ಅವರು ತೀರಿಕೊಂಡರು.

ತಿಂಗಳೊಪ್ಪತ್ತಿನಲ್ಲಿ ಯುಗಾದಿ ಬಂತು. ನಮ್ಮ ಮನೆಯಲ್ಲಿ ಬೇಳೆ ಬೇಯಲಿಲ್ಲ, ತೋರಣ ಕಟ್ಟಲಿಲ್ಲ. ಎದುರು ಮನೆಯ ಕಲಬುರ್ಗಿಯ ಹೆಂಗಸು ಬೇವು ಬೆಲ್ಲ ಹಿಡಿದು ಬಂದವಳು ಬೆರಗಾದಳು. “ಯಾಕ್ರಿ ಹಬ್ಬ ಇಲ್ಲ? ಕಂಪೌಂಡರ್ ಕಾಕಾ ನಿಮಗೇನಾಗಬೇಕು? ಅವರ ಜಾತಿ ಬ್ಯಾರೆ, ನಿಮ್ಮ ಜಾತಿ ಬ್ಯಾರೆ.”

ಕಾಕಾನ ಮನೆಯ ನೀರನ್ನೂ ಎಂದೂ ಕುಡಿಯದಿದ್ದ ನಮ್ಮ ಅತ್ತೆಯವರು ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು:

“ನಮ್ಮ ಮನಿ ಹಿರ್ಯಾರು ಹೋಗ್ಯಾರವಾ. ಈ ವರ್ಷ ನಮಗ ಹಬ್ಬ ಇಲ್ಲ.”