ಹುಬ್ಬೇರಿಸಿದ ಮೇಡಂ

ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುತ್ತಿದ್ದ ಆಕೆಗೆ ಜನ ಇಟ್ಟಿದ್ದ ಹೆಸರು ‘ನಿದ್ದೆ ಮೇಡಂ’. ಪಾಪ, ಆಕೆ ಒಂದು ದಿನವೂ ಕುರ್ಚಿಯಲ್ಲಿ ತೂಕಡಿಸಿದವಳಲ್ಲ. ತವರಿನ ಕಡೆಯವರ ಹುಬ್ಬೇ ಹಾಗೆ. ನಲವತ್ತೈದು ದಾಟಿತೆಂದರೆ ಜಗ್ಗಿ ರೆಪ್ಪೆಯ ಮೇಲೆ ಕೂತುಬಿಡುತ್ತದೆ. ದೂರಿನ ಅರ್ಜಿ ಓದಲು ಬೆರಳಿನಿಂದ ರೆಪ್ಪೆ ಎತ್ತಿ ಹಿಡಿಯುವ ಸ್ಥಿತಿ ಬಂದಾಗ ಆಕೆ ಹುಬ್ಬು ಎತ್ತಿಸುವ ಆಪರೇಷನ್ ಮಾಡಿಸಿಕೊಂಡಳು.

ಹೊಲಿಗೆ ಬಿಚ್ಚಿದ ಮೇಲೆ ಕನ್ನಡಿ ನೋಡಿಕೊಂಡಳು. ಎರಡು ಹುಬ್ಬೂ ಹಣೆಯ ಅರ್ಧಕ್ಕೆ ಏರಿದ್ದವು. ಬಲಗಡೆಯದು ಇನ್ನೂ ಮೇಲೆ. ಯಾರೋ ಹಿಂದಿನಿಂದ ಬಂದು ‘ಭೌ’ ಎಂದಂತಿತ್ತು ಮುಖ.

“ಚೆನ್ನಾಗೇ ಇದೆ” ಎಂದ ಗಂಡ. ಆಕೆ ಅವನ ಕಡೆ ತಿರುಗಿದಳು, ಅಷ್ಟೆ.

“ನಿಜವಾಗ್ಲೂ ಕಣೇ! ಯಾಕೆ ಹಾಗೆ ನೋಡ್ತೀಯ?”

“ನಾನು ಸುಮ್ನೆ ನೋಡ್ತಿದೀನ್ರೀ. ಈಗ ಇದೇ ನನ್ನ ಸುಮ್ನಿರೋ ಮುಖ!”

ಅತ್ತೆ ಚಹಾಕ್ಕೆ ಸಕ್ಕರೆ ಕಡಿಮೆ ಎಂದವರು ಸೊಸೆಯ ಮುಖ ಕಂಡು ಲೋಟ ಕೆಳಗಿಟ್ಟರು. “ಈ ಮನೇಲಿ ಒಂದು ಮಾತಾಡೋ ಹಾಗಿಲ್ಲ, ಹುಬ್ಬೇರಿಸ್ತಾಳೆ.”

ಎಲ್ಲಕ್ಕಿಂತ ಕಷ್ಟವಾಗಿದ್ದು ಸಹೋದ್ಯೋಗಿಯ ತಂದೆ ತೀರಿಕೊಂಡಾಗ. ಮಾತಾಡಿಸಿ ಬರಲು ಹೋದರೆ ಆತ ಇವಳ ಮುಖ ನೋಡಿ, “ಹೌದು ಮೇಡಂ, ನಿಜವಾಗ್ಲೂ ಹೋಗ್ಬಿಟ್ರು” ಎಂದು ಎರಡೆರಡು ಸಲ ನಂಬಿಸಲು ನೋಡಿದ. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು. ಕನ್ನಡಿಯಲ್ಲಿ ನೋಡಿಕೊಂಡರೆ ಅಳುವಾಗಲೂ ಅದೇ ಆಶ್ಚರ್ಯ. ಅಳುವಿನ ನಡುವೆಯೇ ನಗು ಉಕ್ಕಿ ಬಂತು.

ಕಚೇರಿಯಲ್ಲಿ ಮಾತ್ರ ಕತೆ ಬೇರೆಯಾಗಿತ್ತು. ನೀರು ಬಂದಿಲ್ಲವೆಂದು ಕೂಗಾಡುತ್ತಾ ಬಂದವರು ಆಕೆಯ ಕಣ್ಣು ನೋಡಿದ್ದೇ ಮೆತ್ತಗಾಗುತ್ತಿದ್ದರು. “ಅಲ್ವಾ ಮೇಡಂ? ಯಾರಾದ್ರೂ ನಂಬ್ತಾರಾ? ಒಂದು ವಾರ!” ತಮ್ಮ ಗೋಳು ಕೇಳಿ ಬೆಚ್ಚಿಬೀಳುವವರು ಕಡೆಗೂ ಒಬ್ಬರು ಸಿಕ್ಕರಲ್ಲ ಎಂದು ಅರ್ಧ ಸಿಟ್ಟು ಅಲ್ಲೇ ಇಳಿಸಿ ಹೋಗುತ್ತಿದ್ದರು.

ಆಪರೇಷನ್ ಮಾಡಿದ ಡಾಕ್ಟರು ಪ್ರತಿ ಸಲ ಹೇಳುತ್ತಿದ್ದುದು ಒಂದೇ: “ಕಾಯಿರಿ, ತಾನಾಗೇ ಕೂತ್ಕೊಳ್ಳುತ್ತೆ.” ಆರು ತಿಂಗಳು ಕಾದಳು. ಆಮೇಲೆ ಬಾಯಿಗೆ ಬೀಗವಿಲ್ಲದ ನಾದಿನಿಯನ್ನು ಜೊತೆಗೆ ಕರೆದುಕೊಂಡು ಹೋದಳು.

“ಕೂತ್ಕೊಳ್ಳುತ್ತೆ ಅಂದಿದ್ರಿ ಡಾಕ್ಟ್ರೇ” ಎಂದಳು ನಾದಿನಿ. “ಎಡಗಡೇದು ಕೂತಿದೆ. ಬಲಗಡೇದು ಇನ್ನೂ ನಿಂತೇ ಇದೆ. ಅದಕ್ಕೊಂದು ಕುರ್ಚಿ ಹಾಕ್ತೀರಾ?”

ಡಾಕ್ಟರು ನಗು ನುಂಗಿಕೊಂಡು, ದೀಪ ಹತ್ತಿರ ಎಳೆದು, ಈ ಸಲ ಸರಿಯಾಗಿ ನೋಡಿದರು. “ಬಲಗಡೆ ಜಾಸ್ತಿ ಎಳೆದುಬಿಟ್ಟಿದೀನಿ. ನನ್ನಿಂದಾದ ತಪ್ಪು. ಸಡಿಲ ಮಾಡ್ಬಹುದು, ಆದ್ರೆ ಎರಡೂ ಒಂದೇ ಥರ ಆಗುತ್ತೆ ಅಂತ ಮಾತು ಕೊಡಲ್ಲ.”

ಆ ಒಂದು ಮಾತಿಗೆ ಆಕೆಯ ಮನಸ್ಸಿನ ಭಾರ ಅರ್ಧ ಇಳಿಯಿತು. ತನ್ನದು ಭ್ರಮೆಯಲ್ಲ, ತಾನು ಸುಮ್ಮನೆ ಗೊಣಗಿದ್ದೂ ಅಲ್ಲ. ಆದರೂ ಅವಸರಪಡದೆ ಇನ್ನೊಬ್ಬ ಡಾಕ್ಟರನ್ನು ಕೇಳಿದಳು. ಅವರೂ ಅದನ್ನೇ ಹೇಳಿದ ಮೇಲೆ ಸಣ್ಣದೊಂದು ಆಪರೇಷನ್ ಆಯಿತು. ಬಲಹುಬ್ಬು ಇಳಿಯಿತು, ಪೂರ್ತಿ ಅಲ್ಲ. ಎಡಕ್ಕಿಂತ ಕೂದಲೆಳೆಯಷ್ಟು ಮೇಲೇ ಉಳಿಯಿತು. ಡಾಕ್ಟರು ಮತ್ತೊಮ್ಮೆ ನೋಡೋಣವೇ ಎಂದದ್ದಕ್ಕೆ, “ಸಾಕು, ಇನ್ನು ಇದು ನನ್ನದೇ” ಎಂದು ಎದ್ದು ಬಂದಳು.

ಮೊನ್ನೆ ಅವಳ ತಮ್ಮ ಬಂದಿದ್ದ. ಅವನ ಹುಬ್ಬೂ ಇಳಿಯಲು ಶುರುವಾಗಿದೆ. ಅಕ್ಕನನ್ನು ಆ ಕಡೆ ಈ ಕಡೆಯಿಂದ ನೋಡಿ ಕೇಳಿದ: “ಅಕ್ಕಾ, ನಾನೂ ಮಾಡಿಸ್ಕೊಳ್ಳಲಾ?”

“ಕಣ್ಣು ಕಾಣೋದಕ್ಕೆ ಅಡ್ಡ ಬರ್ತಿದ್ರೆ ಮಾಡಿಸ್ಕೊ. ಕೆಟ್ಟರೆ ಏನ್ಮಾಡ್ತೀರಿ ಅಂತ ಮೊದಲೇ ಕೇಳು.”

“ಚೆಂದ ಕಾಣೋದಕ್ಕಾದ್ರೆ?”

“ಬೇಡಪ್ಪ. ನಿನ್ನ ಮುಖಕ್ಕೆ ಅದೊಂದೇ ಸಾಲಲ್ಲ.”

ತಮ್ಮನ ನಗು ಬೀದಿಗೂ ಕೇಳಿಸಿತು.