ಸಿದ್ದಜ್ಜಿ ಹೇಳಿದ ಜ್ವರ

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಕೊಳ್ಳೇಗಾಲ ತಾಲ್ಲೂಕಿನಲ್ಲಿ ವ್ಯಾಕ್ಸಿನೇಟರ್ ಆಗಿದ್ದೆ. ಸಿಡುಬಿಗೆ ಲಸಿಕೆ ಹಾಕುವುದು ಕೆಲಸ. ಜನರ ಬಾಯಲ್ಲಿ ಲಸಿಕೆ ‘ದಾಕು’, ನಾನು ‘ದಾಕ್ನೋರು’. ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು. ಮೈಸೂರು ಸೀಮೆಯ ಯಳಂದೂರಿನಿಂದ ಹೋದ ನನಗೆ ಮೇಲಧಿಕಾರಿಗಳ ತಮಿಳು ಅರ್ಧವೂ ತಿಳಿಯುತ್ತಿರಲಿಲ್ಲ, ಬೈಗುಳ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಆ ಬೇಸಿಗೆಯಲ್ಲಿ ಹನೂರಿನ ಆಚೆಗಿನ ಒಂದು ಹಳ್ಳಿಯಲ್ಲಿ ಸಿಡುಬು ಕಾಣಿಸಿತು. ಜನ ಅದನ್ನು ಸಿಡುಬು ಎನ್ನುತ್ತಿರಲಿಲ್ಲ, ‘ಅಮ್ಮ ಬಂದವ್ಳೆ’ ಎನ್ನುತ್ತಿದ್ದರು. ಅಮ್ಮ ಊರಲ್ಲಿರುವಾಗ ಮೈಗೆ ಚುಚ್ಚಿಸಿಕೊಂಡರೆ ಮುನಿಯುತ್ತಾಳೆಂದು ಯಾರೂ ತೋಳು ಕೊಡಲಿಲ್ಲ.

ಆ ಊರಲ್ಲಿ ಸಿದ್ದಜ್ಜಿ ಇದ್ದಳು. ಚಿಕ್ಕಂದಿನಲ್ಲಿ ಸಿಡುಬಿಗೆ ಒಂದು ಕಣ್ಣು ಕಳೆದುಕೊಂಡವಳು. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರ ಮನೆಗೆ ಅಮ್ಮ ಬಂದರೂ ಅವಳಿಗೇ ಕರೆ. ಬೇವಿನ ಸೊಪ್ಪು ಹಾಸುತ್ತಿದ್ದಳು, ಗಂಜಿ ಕುಡಿಸುತ್ತಿದ್ದಳು, ಹೆತ್ತವರೇ ಹೆದರಿ ದೂರ ನಿಂತಾಗ ಪಕ್ಕದಲ್ಲಿ ಕೂರುತ್ತಿದ್ದಳು. ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಅವಳ ಮನೆಯಲ್ಲಿ ಮಗ ಮಾದಯ್ಯ ಮತ್ತು ತಾಯಿಯಿಲ್ಲದ ಮೊಮ್ಮಗಳು ಕೆಂಪಿ. ಮಗು ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ.

ನಾನು ಬೇಡಿಕೊಂಡಾಗ ಸಿದ್ದಜ್ಜಿ ಕೆಂಪಿಯನ್ನು ಮಾರಿಗುಡಿಯ ಮುಂದೆ ಎತ್ತಿಕೊಂಡು ಬಂದಳು. “ಮೊದ್ಲು ನಮ್ ಮಗೀಗೇ ಆಕಿ ಸಾ. ಊರೋರು ನೋಡ್ಲಿ,” ಎಂದಳು. ನಾನು ಮಗುವಿನ ಮೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಲಸಿಕೆ ಹಾಕಿದೆ. ಉಳಿದವರು ಕಾದು ನೋಡುತ್ತೇವೆಂದು ಹೊರಟುಹೋದರು.

ಕೆಲವೇ ದಿನಕ್ಕೆ ಕೆಂಪಿಗೆ ಸಿಡುಬೆದ್ದಿತು. ನಾನು ಅಜ್ಜಿಗೆ ವಿವರಿಸಿದೆ: ಸಿಡುಬು ಮೈಯೊಳಗೆ ಹೊಕ್ಕ ಮೇಲೂ ಹತ್ತು ಹನ್ನೆರಡು ದಿನ ಹೊರಗೆ ಕಾಣುವುದಿಲ್ಲ, ಲಸಿಕೆಗೆ ಮುಂಚೆಯೇ ಅದು ಮಗುವಿನೊಳಗಿತ್ತು. ಅವಳು ಕೇಳಿಸಿಕೊಂಡು ಮಗುವಿಗೆ ಬೇವಿನ ಸೊಪ್ಪು ಹಾಸಿದಳು. ಮಗು ಉಳಿಯಲಿಲ್ಲ. ಮಣ್ಣು ಮಾಡುವಾಗ ನಾನೂ ಅಲ್ಲಿದ್ದೆ. ಅಳು ಬರಲಿಲ್ಲ, ಏನೂ ಅನ್ನಿಸಲಿಲ್ಲ. ಅಜ್ಜಿಯೂ ಅಳಲಿಲ್ಲ.

ಮಾರನೆಯ ದಿನ ಊರವರು ನನ್ನನ್ನು ಮಾರಿಗುಡಿಯ ಮುಂದೆ ತಡೆದರು. ದಾಕು ಹಾಕಿಯೇ ಮಗು ಸತ್ತಿತು, ಇನ್ನು ಈ ಊರಿಗೆ ಕಾಲಿಡಬೇಡ ಎಂದರು. ಆಗಲೇ ಇನ್ನೂ ಮೂರು ಮನೆಗಳಲ್ಲಿ ಸಿಡುಬು ಎದ್ದಿತ್ತು. ಲಸಿಕೆ ಹಾಕದೆ ನಾನು ಹೊರಟರೆ ಎಷ್ಟು ಮಕ್ಕಳು ಉಳಿಯುತ್ತಿದ್ದರೋ ಹೇಳಲಾಗದು. ಕಾಯಿಲೆ ಮೈಯೊಳಗೆ ಅಡಗಿರುತ್ತದೆ ಎಂಬ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿದ್ದಜ್ಜಿ ಗುಂಪನ್ನು ಸರಿಸಿಕೊಂಡು ಮುಂದೆ ಬಂದಳು.

“ಅವ್ರನ್ನ ಬುಟ್ಬುಡಿ. ದಾಕು ಆಕ್ಸದ್ಕೆ ಮುಂಚೇನೇ ಮಗೀಗೆ ಜ್ವರ ಇತ್ತು ಕಣ್ರಪ್ಪ. ನಾನೇ ಮುಚ್ಚಿಟ್ಟೆ. ಅಮ್ಮ ಬಂದಿದ್ ಮೈಗೆ ಚುಚ್ಚಿಸ್ದೆ, ಅವ್ಳು ಮುನ್ಕಂಡ್ಳು. ತಪ್ಪು ನಂದು. ಮೈ ತಣ್ಗಿರೋ ಬ್ಯಾರೆ ಮಕ್ಕಳ್ಗೆ ಆಕ್ಸಿ, ಅವ್ಳು ಮುನಿಯಾಕಿಲ್ಲ.”

ಆ ಮಾತು ಎಲ್ಲರಿಗೂ ಅರ್ಥವಾಯಿತು. ಒಬ್ಬ ಹೆಂಗಸು “ಮಗೀನ ತಿಂದ್ಕಂಡ್ಯಲ್ಲೇ ಮುದ್ಕಿ!” ಎಂದು ಕೂಗಿದಳು. ಗುಂಪಿನಲ್ಲಿದ್ದ ಮಾದಯ್ಯ ತಾಯಿಯ ಮುಖ ನೋಡಿ ಹೊರಟುಹೋದ. ಸಂಜೆಯೊಳಗೆ ಊರಿನ ಮಕ್ಕಳೆಲ್ಲ ತೋಳು ಕೊಟ್ಟರು. ಅತ್ತವರ ಕೈ ಹಿಡಿದುಕೊಳ್ಳಲು ಅಜ್ಜಿ ಹೋದರೆ ತಾಯಂದಿರು ಅವಳನ್ನು ದೂರ ತಳ್ಳಿದರು.

ಹೊರಡುವಾಗ ಕೇಳಿದೆ: “ಅಜ್ಜಿ, ಮಗುವಿನ ಮೈ ತಣ್ಣಗಿತ್ತಲ್ಲ?”

“ತಣ್ಗೇ ಇತ್ತು ಸಾ. ನೀವೇಳಿದ್ದು ನಂಗೇ ಸರ್ಯಾಗಿ ತಿಳೀನಿಲ್ಲ, ಅವ್ರಿಗೆ ತಿಳೀತದಾ? ನೀವು ಯಾರ್ಗೂ ಏಳ್ಬ್ಯಾಡಿ. ಏಳುದ್ರೆ ಇನ್ನೊಂದ್ಸಲ ತೋಳು ಕೊಡಾಕಿಲ್ಲ.”

ಆ ಊರಲ್ಲಿ ಸಿಡುಬು ಅಲ್ಲಿಗೇ ನಿಂತಿತು. ಆದರೆ ಸಿದ್ದಜ್ಜಿಯನ್ನು ಮತ್ತೆ ಯಾರೂ ಮನೆಗೆ ಕರೆಯಲಿಲ್ಲ. ಮಗ ಅವಳಿಗೆ ಮನೆಯ ಜಗುಲಿಯಲ್ಲೇ ಮುದ್ದೆ ಇಡುತ್ತಿದ್ದ, ಮಾತಾಡುತ್ತಿರಲಿಲ್ಲ. ನಾನು ಪ್ರತಿ ವರ್ಷ ಹೋದಾಗಲೂ ಹೇಳಿಬಿಡಲೇ ಎಂದು ಕೇಳುತ್ತಿದ್ದೆ. ಬೇಡ ಎಂದು ತಲೆಯಾಡಿಸುತ್ತಿದ್ದಳು.

ಕೆಲವು ವರ್ಷಗಳ ನಂತರ ಅವಳು ತೀರಿಕೊಂಡ ಸುದ್ದಿ ತಿಳಿದು ಹೋದೆ. ಮಾದಯ್ಯ ಹೇಳಿದ: “ಅದೊಂದ್ ತಪ್ಪು ಬುಟ್ರೆ ನಮ್ಮವ್ವ ಒಳ್ಳೇವ್ಳೇ ಸಾ.”

“ಕೆಂಪಿಗೆ ಅವತ್ತು ಜ್ವರ ಇರಲಿಲ್ಲ ಮಾದಯ್ಯ,” ಎಂದೆ.

 ಅವನು ಜಗುಲಿಯ ಮೇಲೆ, ಅವಳು ಕೂರುತ್ತಿದ್ದ ಕಡೆ, ಕೈಯಿಟ್ಟು ಕೂತ.

ಜನರ ನಂಬಿಕೆ ಗಳಿಸುವುದು ವ್ಯಾಕ್ಸಿನೇಟರನ ಮೊದಲ ಕೆಲಸ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ಊರಲ್ಲಿ ಅದನ್ನು ನಾನು ಗಳಿಸಲಿಲ್ಲ. ಸಿದ್ದಜ್ಜಿ ತನ್ನ ಮೇಲೆ ಊರಿಗಿದ್ದ ನಂಬಿಕೆಯನ್ನು ಕಳೆದುಕೊಂಡು ಅದನ್ನು ನನಗೆ ಕೊಡಿಸಿದಳು.